ಮೂಗಿಲ್ಲದ ಡಬ್ಬ

"ಸಾಕಿದ ಕಂಪನಿಗೇ ಬತ್ತಿ ಇಡ್ತೀಯೇನೋ, ದರಿದ್ರ ಡಬ್ಬ!" ಎಂದು ಕಂಪನಿಯ ಲೋಹಿತ್ ಮೇಜು ಗುದ್ದಿದ.

"ಬೈದ್ರೆ ಯೋಜನೆ ಸರಿ ಹೋಗಲ್ಲ ಸಾರ್," ಎಂದಿತು ಮೇಜಿನ ಮೇಲಿದ್ದ ಮಾತಾಡುವ ಡಬ್ಬ.

ಡೇರಿಯ ಸಭೆ ಗೊಳ್ಳೆಂದು ನಕ್ಕಿತು. ಯಾವ ಯಂತ್ರ ಬಂದರೂ ಕೊಳ್ಳುವ ಮುಂಚೆ ಅದರ ಬಾಯಿಂದಲೇ ಅಭಿಪ್ರಾಯ ಕೇಳುವುದು ಈಗ ಊರೂರಿನ ಪದ್ಧತಿ. ಹೋದ ತಿಂಗಳು ಹಿಟ್ಟಿನ ಗಿರಣಿ ತನ್ನನ್ನು ತಾನೇ ಬೇಡವೆಂದಿತ್ತು. ಈ ಸಲ ಹಾಲು ಮೂಸಿ ನೋಡುವ ಚಿಕ್ಕತಾಯಮ್ಮನನ್ನು ಬಿಡಿಸಿ ಡಬ್ಬ ಕೂರಿಸುವ ಯೋಜನೆ. ಇಪ್ಪತ್ತು ವರ್ಷದ ಕೆಲಸ ಕೈತಪ್ಪುತ್ತದೆಂದು ಆಕೆ ಬೆಳಗಿನಿಂದ ನೀರೂ ಕುಡಿದಿರಲಿಲ್ಲ.

"ನನಗೆ ಮೂಗಿಲ್ಲ," ಎಂದಿತು ಡಬ್ಬ. "ಹಾಲು ಬೆಳ್ಳಗಿದೆ ಅಂತ ಮಾತ್ರ ಹೇಳಬಲ್ಲೆ. ಸುಣ್ಣದ ನೀರೂ ಬೆಳ್ಳಗೇ ಇರುತ್ತೆ."

"ತಡಿ, ನಿನ್ನ ಮೇಲಿನವರಿಗೇ ಹೇಳ್ತೀನಿ," ಎಂದು ಲೋಹಿತ್ ಕಂಪನಿಗೆ ಫೋನು ಮಾಡಿದ.

ಅತ್ತಲಿಂದಲೂ ಡಬ್ಬದ ದನಿಯೇ ಬಂತು; ಅಲ್ಲಿ ಫೋನು ಎತ್ತುವುದೂ ಅಂಥದೇ ಯಂತ್ರ. "ಡಬ್ಬ ಹೇಳಿದ್ದು ಸರಿ ಸಾರ್. ಕಂಪನಿಯವರು ನಿಮ್ಮ ಜಾಗಕ್ಕೂ ನನ್ನನ್ನ ಹಾಕ್ತೀವಿ ಅಂದ್ರು. ಇಷ್ಟು ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ ಅಂದುಬಿಟ್ಟೆ."

ಲೋಹಿತ್ ಡಬ್ಬವನ್ನು ಅಲ್ಲೇ ಬಿಟ್ಟು ಬೈಕು ಹತ್ತಿ ಹೋದ.

ಸಂಜೆಯ ಹಾಲು ಬಂತು. ಚಿಕ್ಕತಾಯಮ್ಮ ಗಟಗಟ ನೀರು ಕುಡಿದು ಮೊದಲ ಕ್ಯಾನಿಗೆ ಮೂಗು ಇಟ್ಟಳು.

"ಹೆಂಗಿದೆ ತಾಯಮ್ಮ?" ಡಬ್ಬ ಆಸೆಯಿಂದ ಕೇಳಿತು.

"ಹಸ ಈರುಳ್ಳಿ ಸೊಪ್ಪು ಮೇಯ್ದದೆ ಕಣಪ್ಪ."

"ಈರುಳ್ಳಿ ವಾಸನೆ ಹೆಂಗಿರುತ್ತೆ?"

ಅದನ್ನು ಹೇಗೆ ಹೇಳುವುದೆಂದು ಆಕೆ ಕ್ಯಾನು ಹಿಡಿದೇ ಯೋಚಿಸಿದಳು. ಡಬ್ಬ ಕೊಂಡೊಯ್ಯಲು ಲೋಹಿತ್ ಬರಲೇ ಇಲ್ಲ.