ಭುಜ ಜಾರದ ಬ್ಲೌಸು

ಹಾಲಪ್ಪ ಮಾಸ್ಟರ್ ಹೊಲಿದ ಬ್ಲೌಸು ಭುಜದಿಂದ ಜಾರಿದ್ದೇ ಇಲ್ಲ. ಆ ಕಟಿಂಗಿನ ಗುಟ್ಟು ಊರಿನಲ್ಲಿ ಬೇರೆ ಯಾವ ಟೈಲರಿಗೂ ಗೊತ್ತಿರಲಿಲ್ಲ. ಕೆಲಸ ಕಲಿಯಲು ಬಂದ ಕೊಟ್ರಮ್ಮ ಮೂರು ವರ್ಷ ಅವರ ಅಂಗಡಿಯಲ್ಲಿ ಬರೀ ಹುಕ್ಕು ಹಾಕಿದಳು, ಕಾಜಾ ಹೊಲಿದಳು. ಮಾಸ್ಟರ್ ಕತ್ತರಿ ಎತ್ತಿದರೆ ಸಾಕು, ಮೂಗಿನಲ್ಲೇ ರಾಗ ಬರುತ್ತಿತ್ತು: "ಕೊಟ್ರೀ, ಹೋಗಿ ಟೀ ತಗಂಬಾರೇ!" ಅವಳು ಟೀ ತರುವಷ್ಟರಲ್ಲಿ ಬಟ್ಟೆ ಕತ್ತರಿಸಿ ಮುಗಿದಿರುತ್ತಿತ್ತು.

ಈಗ ಅದೇ ಕೊಟ್ರಮ್ಮ ಹೆಣ್ಣುಮಕ್ಕಳ ಹೊಸ ಹೊಲಿಗೆ ತರಬೇತಿ ಕೇಂದ್ರದ ಶಿಕ್ಷಕಿ. ಉದ್ಘಾಟನೆಗೆ ಮಾಸ್ಟರನ್ನೇ ಕರೆದಳು.

"ಗುರುಗಳನ್ನ ಮರೀಲಿಲ್ಲ ನೋಡ್ರಿ ನಮ್ಮ ಹುಡುಗಿ!" ಮಾಸ್ಟರ್ ಹಾರ ಹಾಕಿಸಿಕೊಂಡು, ಚಪ್ಪಾಳೆಯ ನಡುವೆ ಟೇಪು ಕತ್ತರಿಸಿದರು.

"ಕತ್ತರಿ ಕೆಳಗಿಡಬ್ಯಾಡ್ರಿ ಮಾಸ್ಟರ್." ಕೊಟ್ರಮ್ಮ ಮೇಜಿನ ಮೇಲೆ ಬ್ಲೌಸ್ ಪೀಸು ಹರಡಿದಳು. "ಮೊದಲ್ನೇ ಪಾಠ ನಿಮ್ಮದೇ. ಭುಜ ಜಾರದ ಕಟಿಂಗ್."

ಮೂವತ್ತು ಹುಡುಗಿಯರು ಮೇಜು ಸುತ್ತುವರಿದರು. ಅವರ ಹಿಂದೆ, ಕುರ್ಚಿಗಳಲ್ಲಿ, ಮಾಸ್ಟರರ ಗಿರಾಕಿಗಳೇ ಕೂತಿದ್ದರು. ತಪ್ಪು ಕತ್ತರಿಸಿದರೆ ಅವರೆದುರು ಮಾನ ಹೋಗುತ್ತದೆ; ಸರಿಯಾಗಿ ಕತ್ತರಿಸಿದರೆ ಗುಟ್ಟು ಹೋಗುತ್ತದೆ.

"ಇವತ್ತು ಬ್ಯಾಡಮ್ಮ, ಕೈ ನಡುಗ್ತತಿ."

"ನಿನ್ನೆ ನನ್ನ ಬ್ಲೌಸು ಕತ್ತರಿಸುವಾಗ ನಡುಗಲಿಲ್ಲಲ್ರೀ?" ಎಂದಳು ಗಿರಾಕಿಯೊಬ್ಬಳು.

ಮಾಸ್ಟರ್ ಬೆವರು ಒರೆಸಿಕೊಂಡರು. "ಮೊದ್ಲು ಎಲ್ಲಾರೂ ಒಂದು ಟೀ ಕುಡಿದು ಬರ್ರಿ, ಕೊಟ್ರಮ್ಮೋರೇ."

ಕೊಟ್ರಮ್ಮ ಅವರದೇ ಮೂಗಿನ ರಾಗ ಎಳೆದಳು: "ಟೀ ಇಲ್ಲಿಗೇ ತರಿಸಿಟ್ಟೀನ್ರೀ! ಇವತ್ತು ಯಾರೂ ಹೊರಗೆ ಹೋಗಂಗಿಲ್ಲ."