ದಿಬ್ಬದ ದಾರಿಗಳು

“ಕೋಟೆ ಅಂತ ಬರಿ,” ಎಂದ ದಿಬ್ಬದ ಕಾವಲುಗಾರ. ಅಲ್ಲಿನ ಹೊಸ ಫಲಕ ಬರೆಯಲು ಬಂದಿದ್ದ ಅವನ ಮಗಳ ಕುಂಚ ಗಾಳಿಯಲ್ಲೇ ನಿಂತಿತು. ಅವಳ ಮದುವೆಯನ್ನು ಒಪ್ಪದ ಅಪ್ಪ ಅಂದಿನಿಂದ ಅವಳೊಡನೆ ಆಡಿದ ಮೊದಲ ಮಾತದು.

“ಕೋಟೆ ಅಲ್ಲಪ್ಪ.” ಮಂಜಿನಲ್ಲಿ ನವಶಿಲಾಯುಗದ ಮಣ್ಣಿನ ದಿಬ್ಬ, ನಿದ್ದೆಯಲ್ಲಿ ಬಳಸಿದ ತೋಳಿನಂತೆ, ಬಯಲನ್ನು ಸುತ್ತಿಕೊಂಡು ಮಲಗಿತ್ತು. “ಹೊರಗಿನವರನ್ನ ತಡೆಯೋಕಾದ್ರೆ ನಡುನಡುವೆ ಇಷ್ಟೊಂದು ದಾರಿ ಯಾಕೆ ಬಿಡ್ತಿದ್ರು? ದೂರದೂರದ ಜನ ಬಂದು ಸೇರ್ತಿದ್ದ ಜಾಗ ಇದು.”

ಅಪ್ಪ ದಿಬ್ಬದ ತೆರಪುಗಳನ್ನು, ಈವರೆಗೆ ಕಂಡೇ ಇಲ್ಲದವನಂತೆ, ಒಂದೊಂದಾಗಿ ನೋಡುತ್ತಾ ಹೋದ. ಕೊನೆಯದರಾಚೆ, ತಂತಿಬೇಲಿಯ ಹೊರಗೆ, ಬಣ್ಣದ ಡಬ್ಬ ಹಿಡಿದು ಅವಳ ಗಂಡ ಮಸುಕಾಗಿ ನಿಂತಿದ್ದ.

ಅಪ್ಪ ಗೇಟಿನ ಕೀಲಿಕೈಯನ್ನು ಮಗಳ ಬಣ್ಣ ಮೆತ್ತಿದ ಕೈಗಿಟ್ಟ. “ಅಳಿಯಂದ್ರು ಯಾಕಮ್ಮ ಹೊರಗೇ ನಿಂತಿದ್ದಾರೆ? ಒಳಗೆ ಕರಿ.”