ಹತ್ತು ನಿಮಿಷಕ್ಕೊಂದು ಚಿತ್ರ

ಕ್ಯಾಮೆರಾ ಮಾರುವ ಬೂರುಲ್ ಮೂರು ಕ್ಯಾಮೆರಾಗಳನ್ನು ಡಬ್ಬಿಯಿಂದ ತೆಗೆದು ಮೇಜಿನ ಮೇಲಿಟ್ಟಳು. ಮೇಸ್ತ್ರಿ ಸಗಿನ್‌ಬೆಕ್ ಸಂತೆಯಲ್ಲಿ ಕಲ್ಲಂಗಡಿ ಆರಿಸುವವನ ಹಾಗೆ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದ. ಓಶ್ ಊರಾಚೆ ಏಳುತ್ತಿದ್ದ ಆ ಒಂಬತ್ತು ಮಹಡಿಯ ಕಟ್ಟಡಕ್ಕೆ ಕ್ಯಾಮೆರಾ ಹಾಕಿಸಲೇಬೇಕೆಂದು ತನಿಖೆಗೆ ಬಂದವರು ಹೇಳಿ ಹೋಗಿದ್ದರು. ಎಂಥದ್ದು ಅಂತ ಹೇಳಿರಲಿಲ್ಲ, ಪುಣ್ಯಾತ್ಮರು.

"ಇದು ಗೇಟು ಒಂದನ್ನೇ ನೋಡುತ್ತೆ," ಎಂದಳು ಬೂರುಲ್. "ಇದು ಬಿಡದೆ ಎಲ್ಲಾನೂ ಹಿಡಿದು ತಿಂಗಳುಗಟ್ಟಲೆ ಇಟ್ಕೊಳ್ಳುತ್ತೆ. ಮೂರನೇದು ಹತ್ತು ನಿಮಿಷಕ್ಕೊಂದು ಫೋಟೋ ತೆಗೆಯುತ್ತೆ. ಕಟ್ಟಡ ಹೇಗೆ ಎದ್ದಿತು ಅಂತ ಕೊನೇಲಿ ಮಾಲೀಕರಿಗೆ ತೋರಿಸಬಹುದು."

"ಎರಡನೇದು ಹಾಕ್ಸಿ ಅಣ್ಣ," ಎಂದ ಬಾಗಿಲಲ್ಲಿ ನಿಂತಿದ್ದ ಕಲ್ಮುರಾತ್, ಗಾರೆ ಕೆಲಸದವನು.

"ನಿನ್ನನ್ನ ಕರೆದಿದ್ದು ಕ್ಯಾಮೆರಾದ ಕಂಬ ನೆಡೋಕೆ. ಪಂಚಾಯ್ತಿ ಮಾಡೋಕಲ್ಲ," ಎಂದ ಸಗಿನ್‌ಬೆಕ್.

ಹೋದ ತಿಂಗಳು ಕಲ್ಮುರಾತನ ತಮ್ಮ ತಲಾಯ್ ಒಂಬತ್ತನೇ ಮಹಡಿಯಿಂದ ಬಿದ್ದು ಸತ್ತಿದ್ದ. ಗಾಳಿ ಅವನ ತಲೆಯ ಮೇಲಿನ ಬಿಳಿ ಉಣ್ಣೆಯ ಟೋಪಿಯನ್ನು, ಕಲ್ಪಾಕನ್ನು, ಹಾರಿಸಿತ್ತು. ನಮ್ಮಲ್ಲಿ ಗಂಡಸಿನ ಕಲ್ಪಾಕ್ ನೆಲ ಮುಟ್ಟಬಾರದು, ಮುಟ್ಟಿದರೆ ಮಾನ ಹೋದಂತೆ. ಹುಡುಗ ಹಿಂದುಮುಂದು ನೋಡದೆ ಕೈಚಾಚಿ ಬಾಗಿದ. ಕಟಾಂಜನ ಇರಬೇಕಾದ ಕಡೆ ಒಂದು ಹಗ್ಗವಿತ್ತು. ಕೆಳಗೆ ಓಡಿಹೋಗಿ ನೋಡಿದರೆ ಟೋಪಿ ಅವನ ಎದೆಯ ಮೇಲಿತ್ತು, ಮುಷ್ಟಿಯೊಳಗೆ, ಒಂದು ಚೂರೂ ಧೂಳಾಗದೆ. ಅಪಘಾತದ ವರದಿಯ ಕಾಗದದಲ್ಲಿ ಮಾತ್ರ 'ಕುಡಿದಿದ್ದ' ಎಂದು ಬರೆದರು. ಹುಳಿ ಬಂದು ತುಸು ಅಮಲೇರಿಸುವ ಕುದುರೆ ಹಾಲನ್ನೂ ಮುಟ್ಟದವನ ಮೇಲೆ ಈ ಮಾತು. ಅಂದಿನಿಂದ ಆ ಟೋಪಿ ಕಲ್ಮುರಾತನ ತಲೆಯ ಮೇಲಿದೆ. ಹಗ್ಗವೂ ಅಲ್ಲೇ ಇದೆ.

"ಹತ್ತು ನಿಮಿಷಕ್ಕೊಂದು ಅಂದ್ರೆ, ನಡುವೆ ಆಗಿದ್ದು ಏನಾಗುತ್ತಮ್ಮ?" ಎಂದು ಕಲ್ಮುರಾತ್ ಬೂರುಲ್‌ಳನ್ನು ಕೇಳಿದ.

"ನಡುವೆ ಅದು ಕಣ್ಣು ಮುಚ್ಕೊಂಡಿರುತ್ತೆ."

"ನನ್ನ ತಮ್ಮ ಬೀಳೋಕೆ ಮೂರು ಸೆಕೆಂಡೂ ಹಿಡೀಲಿಲ್ಲ."

"ಸತ್ತವನನ್ನ ಯಾಕೋ ಕೆದಕ್ತೀಯ," ಎಂದ ಸಗಿನ್‌ಬೆಕ್. "ಏನಾಯ್ತು ಅಂತ ಕಾಗದದಲ್ಲೇ ಇದೆಯಲ್ಲ."

"ಕಾಗದ ಬರೆದೋರು ನೀವೇ ಅಲ್ವಾ ಅಣ್ಣ. ಹೆಣಕ್ಕೆ ಹೆಗಲು ಕೊಟ್ಟು ಅತ್ತೋರೂ ನೀವೇ."

ಸಗಿನ್‌ಬೆಕ್‌ನ ಮುಖ ಕಪ್ಪಿಟ್ಟಿತು. ಅಂದು ಅವನು ಅತ್ತದ್ದು ಸುಳ್ಳಲ್ಲ, ಅದೇ ಅವನ ಕಷ್ಟ. "ನನಗೂ ಹೆಂಡ್ತಿ ಮಕ್ಕಳಿದಾರೆ ಕಣೋ. ಮೂರನೇದೇ ಆಗಲಿ ಅಂತ ಮಾಲೀಕ ಫೋನ್ ಮಾಡಿ ಹೇಳಿಯಾಯ್ತು. ಹೋಗು, ಮೇಲೆ ಅಂಚಿನ ಹತ್ರ ನಿಂತ್ಕೋ. ಮುಖ ಎಷ್ಟು ಸ್ಪಷ್ಟ ಬರುತ್ತೆ ನೋಡೋಣ."

ಕಲ್ಮುರಾತ್ ಮೆಟ್ಟಿಲು ಹತ್ತಿದ. ಬೂರುಲ್ ಕ್ಯಾಮೆರಾವನ್ನು ಕಚೇರಿಯ ತಗಡಿನ ಸೂರಿಗೆ ಸಿಕ್ಕಿಸಿ, ಮೇಲಕ್ಕೆ ಮುಖ ಮಾಡಿಸಿ ಒಳಗೆ ಬಂದಳು. ಕಂಪ್ಯೂಟರಿನ ಪರದೆಯ ಮೇಲೆ ಮೊದಲ ಚಿತ್ರ ಬಂತು. ಎರಡನೆಯದು ಬರುವ ತನಕ ಇಬ್ಬರೂ ಬಟ್ಟಲಲ್ಲಿ ಹಸಿರು ಚಹಾ ಬಗ್ಗಿಸಿಕೊಂಡು, ರೊಟ್ಟಿ ಮುರಿದು ತಿಂದರು. ಹೊರಗೆ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಕರೆಂಟು ಹೋಗಿರಬೇಕೆಂದು ಸಗಿನ್‌ಬೆಕ್ ಬೈದುಕೊಂಡ.

ಎರಡನೇ ಚಿತ್ರವೂ ಬಂತು. ಅದೇ ಅಂಚು, ಅದೇ ಹಗ್ಗ, ಅದೇ ಮನುಷ್ಯ.

"ಭೇಷ್, ಗಡ್ಡದ ಕೂದಲು ಎಣಿಸಬಹುದು," ಎಂದ ಸಗಿನ್‌ಬೆಕ್. "ಇದೇ ಇರಲಿ."

ಬೂರುಲ್ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದಳು. "ಟೋಪಿ ಎಲ್ಲಿ?" ಎಂದಳು ಮೆಲ್ಲಗೆ. ಮೊದಲನೆಯದರಲ್ಲಿ ಕಲ್ಮುರಾತನ ತಲೆ ಮೇಲೆ ಕಲ್ಪಾಕ್ ಇತ್ತು. ಎರಡನೆಯದರಲ್ಲಿ ಬರೀ ತಲೆ.

ಇಬ್ಬರೂ ಹೊರಗೆ ಬಂದರು. ಕರೆಂಟು ಹೋಗಿರಲಿಲ್ಲ, ಯಂತ್ರ ನಿಲ್ಲಿಸಿ ಆಳುಗಳೆಲ್ಲ ಗುಂಪಾಗಿ ನಿಂತಿದ್ದರು. ನಡುವೆ ಸುಣ್ಣದ ಕೆಸರಿನಲ್ಲಿ ಟೋಪಿ ಬಿದ್ದಿತ್ತು. ಅದು ಯಾರದ್ದೆಂದು ಎಲ್ಲರಿಗೂ ಗೊತ್ತಿತ್ತು. ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ. ಸಗಿನ್‌ಬೆಕ್ ತಾನೇ ಮುಂದೆ ಹೋಗಿ ಬಾಗಿ ಕೈಚಾಚಿದ.

"ಬಿಡಿ ಅಣ್ಣ," ಎಂದ ಮೆಟ್ಟಿಲಿಳಿದು ಬಂದ ಕಲ್ಮುರಾತ್. "ನಿಮ್ಮ ಎರಡು ಚಿತ್ರದಲ್ಲೂ ಅದು ಬಿದ್ದೇ ಇಲ್ಲ."